ದತ್ತು ಅಂತೆ, ಜೋಡಿಗೆ ಇಷ್ಟು ಅಂತೆ!

"ಲವ್ ಬರ್ಡ್ಸ್ ಮರಿಗಳನ್ನು ದತ್ತು ಕೊಡಲಾಗುವುದು. ನಿಜವಾದ ಪಕ್ಷಿಪ್ರೇಮಿಗಳು ಮಾತ್ರ ಸಂಪರ್ಕಿಸಿ. ಜೋಡಿ ರೇಟು ಫೋನಿನಲ್ಲಿ."

ಇಂಥ ಸಾಲುಗಳನ್ನ ನೀವೂ ನೋಡಿರ್ತೀರ. ನಮ್ಮ ಹಾಸನದ ಕಡೆ ವಾಟ್ಸಾಪ್ ಗುಂಪುಗಳಲ್ಲಿ ಆಗಾಗ ಬರ್ತಾನೇ ಇರುತ್ತೆ. ಜೊತೆಗೊಂದು ಫೋಟೋ. ಅಂಗೈ ಮೇಲೆ ಇನ್ನೂ ಪುಕ್ಕ ಸರಿಯಾಗಿ ಮೂಡದ, ಈಗಷ್ಟೇ ಕಣ್ಣು ಬಿಟ್ಟ ಮರಿ. ಅದರ ಕೆಳಗೆ ಹತ್ತಾರು ಜನ ಹೃದಯದ ಚಿತ್ರ ಒತ್ತಿರ್ತಾರೆ. ಒಬ್ಬರಾದರೂ "ಈ ಮರಿಗೆ ಎಷ್ಟು ದಿನ ಆಯ್ತು ಸ್ವಾಮಿ, ತಾನೇ ಕಾಳು ತಿನ್ನುತ್ತಾ?" ಅಂತ ಕೇಳಿದ್ದು ನಾನಂತೂ ನೋಡಿಲ್ಲ. ನನ್ನ ಸಿಟ್ಟು ಇರೋದೇ ಅಲ್ಲಿ. ಇವತ್ತಿನ ಬರಹ ಸ್ವಲ್ಪ ಖಾರವಾಗಿರುತ್ತೆ, ಮೊದಲೇ ಹೇಳಿಬಿಡ್ತೀನಿ :-)

ಮೊದಲು ಆ "ದತ್ತು" ಅನ್ನೋ ಪದಕ್ಕೆ ಬರೋಣ. ೧೯೫೬ರ ಹಿಂದೂ ದತ್ತಕ ಕಾಯ್ದೆ ಇದೆಯಲ್ಲ, ಅದರ ಪ್ರಕಾರ ಮಗುವನ್ನ ದತ್ತು ಕೊಡೋದಕ್ಕೆ ಪ್ರತಿಯಾಗಿ ದುಡ್ಡು ಕೊಡೋದೂ ತಪ್ಪು, ತಗೊಳ್ಳೋದೂ ತಪ್ಪು. ಅಷ್ಟೇ ಅಲ್ಲ, ಒಂದು ಸಲ ಕ್ರಮಬದ್ಧವಾಗಿ ದತ್ತು ತಗೊಂಡ ಮೇಲೆ "ಯಾಕೋ ಸರಿಹೋಗ್ಲಿಲ್ಲ" ಅಂತ ರದ್ದು ಮಾಡೋ ಹಾಗಿಲ್ಲ. ನಮ್ಮ ಹಕ್ಕಿ ಮಾರೋರ ದತ್ತಿನಲ್ಲಿ ಮೊದಲನೇದು ಇದೆ, ಎರಡನೇದು ಇಲ್ಲ. ಅಂದ್ರೆ ದುಡ್ಡು ಇದೆ, ಜವಾಬ್ದಾರಿ ಇಲ್ಲ. ಇದಕ್ಕೆ ನಮ್ಮಜ್ಜಿ ಕಾಲದಿಂದಲೂ ಒಂದು ಹೆಸರಿದೆ. ವ್ಯಾಪಾರ. ವ್ಯಾಪಾರ ಕೆಟ್ಟದ್ದು ಅಂತ ನಾನು ಹೇಳ್ತಿಲ್ಲ. ಸಂತೇಲಿ ಕೋಳಿ ಮಾರೋನು ಕೋಳಿ ಮಾರ್ತೀನಿ ಅಂತಲೇ ಕೂಗ್ತಾನೆ. ಇವರು ಮಾತ್ರ ದತ್ತು ಅಂತಾರೆ. ಯಾಕೆ? ಫೇಸ್‌ಬುಕ್ಕಿನಂಥ ಕಡೆ ಪ್ರಾಣಿಗಳನ್ನ ಮಾರೋ ಹಾಗಿಲ್ಲ ಅಂತ ಅವರದ್ದೇ ನಿಯಮ ಇದೆ, ಅದಕ್ಕೊಂದು ಮರೆ ಬೇಕು. ಇನ್ನೊಂದು ಕಾರಣ, ಕೊಳ್ಳೋನಿಗೂ ಆ ಪದ ಹಿತವಾಗಿರುತ್ತೆ. ವ್ಯಾಪಾರ ಅಂದ್ರೆ ನೂರು ಪ್ರಶ್ನೆ ಕೇಳಬಹುದು, ತಿರುಗಿಸಿ ಮುರುಗಿಸಿ ನೋಡಬಹುದು. ದತ್ತು ಅಂದ್ರೆ ಪುಣ್ಯದ ಕೆಲಸ, ಬಾಯಿ ಮುಚ್ಚಿಕೊಂಡು ತಗೊಂಡು ಹೋಗಬೇಕು!

ಇನ್ನು "ಲವ್ ಬರ್ಡ್" ಅನ್ನೋ ಹೆಸರು. ೨೦೨೪ರ ಮಾರ್ಚಿನಲ್ಲಿ ಬೆಂಗಳೂರಿನಿಂದ ಮೈಸೂರಿಗೆ ಹೋಗೋ ಕೆಎಸ್‌ಆರ್‌ಟಿಸಿ ಬಸ್ಸಿನಲ್ಲಿ ಒಬ್ಬ ಅಜ್ಜಿ, ಮೊಮ್ಮಗಳು ನಾಲ್ಕು ಹಕ್ಕಿ ಇಟ್ಟುಕೊಂಡು ಹೋಗ್ತಿದ್ದ ಸುದ್ದಿ ನೆನಪಿದೆಯಾ? ಶಕ್ತಿ ಯೋಜನೆ ಇದ್ದಿದ್ದರಿಂದ ಅವರಿಬ್ಬರಿಗೆ ಟಿಕೆಟ್ ಉಚಿತ. ಹಕ್ಕಿಗಳಿಗೆ ಮಾತ್ರ ತಲಾ ೧೧೧ ರೂಪಾಯಿನಂತೆ ೪೪೪ ರೂಪಾಯಿ ಟಿಕೆಟ್ ಹರಿದರು. ದೇಶವೆಲ್ಲ ನಕ್ಕಿತು. ನನಗೆ ನಗು ಬಂದಿದ್ದು ಬೇರೆ ವಿಷಯಕ್ಕೆ. ಒಂದು ಕಡೆ ಗಿಳಿ ಅಂತ ಬರೆದರು, ಇನ್ನೊಂದು ಕಡೆ ಲವ್ ಬರ್ಡ್ಸ್ ಅಂತ ಬರೆದರು. ಯಾವ ಹಕ್ಕಿ ಅಂತ ತಿಳ್ಕೊಳ್ಳೋ ಗೋಜಿಗೇ ಹೋಗಲಿಲ್ಲ.

ನಮ್ಮಲ್ಲಿ ಆಗೋದೂ ಇದೇ. ನಮ್ಮ ಊರುಗಳ ಅಂಗಡಿಗಳಲ್ಲಿ "ಲವ್ ಬರ್ಡ್ಸ್" ಅಂತ ಮಾರೋ ಹಸಿರು, ಹಳದಿ, ನೀಲಿ ಬಣ್ಣದ, ಉದ್ದ ಬಾಲದ, ಬೆನ್ನ ಮೇಲೆ ಅಲೆ ಅಲೆ ಗೆರೆ ಇರೋ ಹಕ್ಕಿ ಲವ್ ಬರ್ಡ್ ಅಲ್ಲವೇ ಅಲ್ಲ. ಅದು ಬಡ್ಜಿ, ಬಡ್ಜರಿಗರ್. ಆಸ್ಟ್ರೇಲಿಯಾದ ಹಕ್ಕಿ. ೧೮೪೦ರಲ್ಲಿ ಜಾನ್ ಗೌಲ್ಡ್ ಅನ್ನೋ ಪಕ್ಷಿತಜ್ಞ ಅದನ್ನ ಇಂಗ್ಲೆಂಡಿಗೆ ಜೀವಂತವಾಗಿ ತಗೊಂಡು ಹೋದ, ಅಲ್ಲಿಂದ ಪ್ರಪಂಚಕ್ಕೆಲ್ಲ ಹಬ್ಬಿತು. ನಿಜವಾದ ಲವ್ ಬರ್ಡ್ ಆಫ್ರಿಕಾದ್ದು. ಒಟ್ಟು ಒಂಬತ್ತು ಜಾತಿ, ಎಂಟು ಆಫ್ರಿಕಾ ಖಂಡದಲ್ಲಿ, ಒಂದು ಮಡಗಾಸ್ಕರ್ ದ್ವೀಪದಲ್ಲಿ. ಮೋಟು ಬಾಲ, ದಪ್ಪ ಕೊಕ್ಕು, ಗುಂಡು ಮೈ. ನಮ್ಮಲ್ಲಿ ಸಿಗೋದು ಹೆಚ್ಚಾಗಿ ಮೂರು. ಕೆನ್ನೆ ಗುಲಾಬಿ ಬಣ್ಣ ಇರೋ ಪೀಚ್ ಫೇಸ್, ಕಣ್ಣಿನ ಸುತ್ತ ಬಿಳಿ ಬಳೆ ಇರೋ ಫಿಶರ್, ಮುಖ ಕಪ್ಪಗಿರೋ ಮಾಸ್ಕ್ಡ್. ಅಂಗಡಿಯವರು ಇದಕ್ಕೆ "ಆಫ್ರಿಕನ್" ಅಂತ ಬೇರೆ ಹೆಸರು ಇಟ್ಟಿದ್ದಾರೆ.

ಹೆಸರಿನಲ್ಲೇನಿದೆ ಬಿಡಿ ಅಂತೀರಾ? ಇದೆ ಸ್ವಾಮಿ. ಬಡ್ಜಿಯಲ್ಲಿ ಮೂಗಿನ ಮೇಲಿನ ಚರ್ಮದ ಬಣ್ಣ ನೋಡಿ ಗಂಡು ಹೆಣ್ಣು ಹೇಳಬಹುದು, ಸಾಮಾನ್ಯವಾಗಿ ನೀಲಿ ಇದ್ರೆ ಗಂಡು, ಕಂದು ಇದ್ರೆ ಹೆಣ್ಣು. ನಾನು ಹೇಳಿದ ಮೂರು ಲವ್ ಬರ್ಡ್‌ಗಳಲ್ಲಿ ಗಂಡು ಹೆಣ್ಣು ಎರಡೂ ನೋಡೋಕೆ ಒಂದೇ. ಖಚಿತವಾಗಿ ತಿಳೀಬೇಕು ಅಂದ್ರೆ ಪುಕ್ಕ ಕಳಿಸಿ ಡಿಎನ್‌ಎ ಪರೀಕ್ಷೆ ಮಾಡಿಸಬೇಕು. ಹಂಗಿರುವಾಗ ಎರಡು ತಿಂಗಳ ಮರಿ ತೋರಿಸಿ "ಅಣ್ಣಾ, ಇದು ಗಂಡು ಇದು ಹೆಣ್ಣು, ಜೋಡಿ ಗ್ಯಾರಂಟಿ" ಅಂತ ಹೇಳೋನು ಯಾವ ಧೈರ್ಯದ ಮೇಲೆ ಹೇಳ್ತಾನೆ? ನಿಮ್ಮ ಅಜ್ಞಾನದ ಮೇಲೆ. ಎರಡೂ ಹೆಣ್ಣಾದರೆ ಒಂದೇ ಗೂಡಿನಲ್ಲಿ ಎರಡೂ ಮೊಟ್ಟೆ ಇಡ್ತವೆ, ಎಂಟು ಹತ್ತು ಮೊಟ್ಟೆ ರಾಶಿ ಬೀಳುತ್ತೆ, ಒಂದೂ ಮರಿ ಆಗಲ್ಲ. ಜಗಳಕ್ಕೆ ನಿಂತವೋ, ಕಾಲ್ಬೆರಳು ಕಚ್ಚಿ ರಕ್ತ ಬರಿಸ್ತವೆ. ಹೆಸರು ಲವ್ ಬರ್ಡ್ ಆದ್ರೂ ಕೊಕ್ಕು ಅಡಿಕೆ ಕತ್ತರಿ ಇದ್ದಂಗೆ!

ಇದಕ್ಕೆ ಅಂಟಿಕೊಂಡ ಇನ್ನೊಂದು ಸುಳ್ಳು, "ಒಂಟಿ ತಗೊಂಡ್ರೆ ಕೊರಗಿ ಸತ್ತೋಗುತ್ತೆ" ಅನ್ನೋದು. ಇದು ಒಂದು ಹಕ್ಕಿ ಕೇಳೋಕೆ ಬಂದೋನಿಗೆ ಎರಡು ಮಾರೋ ಉಪಾಯ. ಲವ್ ಬರ್ಡ್ ಗುಂಪಿನಲ್ಲಿ ಬಾಳೋ ಹಕ್ಕಿ, ಅದಕ್ಕೆ ಜೊತೆ ಬೇಕು, ನಿಜ. ಮನೆಯಲ್ಲಿ ಯಾರಾದರೂ ದಿನಾ ಒಂದೆರಡು ಗಂಟೆ ಅದರ ಜೊತೆ ಕಳೆಯೋರು ಇದ್ದರೆ ಒಂಟಿ ಹಕ್ಕಿಯೂ ಚೆನ್ನಾಗೇ ಬದುಕುತ್ತೆ. ಬೆಳಿಗ್ಗೆ ಎಂಟಕ್ಕೆ ಬೀಗ ಹಾಕಿ ಸಂಜೆ ಏಳಕ್ಕೆ ಬರೋ ಮನೆ ಆದ್ರೆ ಎರಡು ಬೇಕು, ಇಲ್ಲಾ ಒಂದೂ ಬೇಡ. ಇದನ್ನ ತೀರ್ಮಾನ ಮಾಡಬೇಕಾದ್ದು ನಿಮ್ಮ ಮನೆಯ ದಿನಚರಿ ನೋಡಿ, ಮಾರೋನ ಗಲ್ಲಾ ಪೆಟ್ಟಿಗೆ ನೋಡಿ ಅಲ್ಲ.

ಈಗ ಆ ಫೋಟೋದ ಮರಿಗೆ ಬರ್ತೀನಿ. ನನ್ನ ಮುಖ್ಯ ತಕರಾರು ಇದೇ.

ಲವ್ ಬರ್ಡ್ ಮೊಟ್ಟೆಗೆ ಸುಮಾರು ೨೩ ದಿನ ಕಾವು ಬೇಕು. ಹುಟ್ಟಿದ ಮರಿ ಗೂಡಿನಿಂದ ಆಚೆ ಬರೋಕೆ ಆರು ವಾರ, ತಾನೇ ಕಾಳು ಸುಲಿದು ತಿಂದು ಹೊಟ್ಟೆ ತುಂಬಿಸಿಕೊಳ್ಳೋಕೆ ಸುಮಾರು ಎಂಟು ವಾರ. ಅಲ್ಲೀತನಕ ಅಪ್ಪ ಅಮ್ಮ ಗುಟುಕು ಕೊಡಬೇಕು. ಆದ್ರೆ ಮಾರೋರು ಎರಡು ಮೂರು ವಾರಕ್ಕೇ ಮರಿ ಎತ್ತಿ, ಒಂದು ಸಿರಿಂಜು, ಒಂದು ಪೊಟ್ಟಣ ಪುಡಿ ಕೊಟ್ಟು ಕಳಿಸ್ತಾರೆ. "ನೀವೇ ಗುಟುಕು ಕೊಟ್ಟು ಬೆಳೆಸಿದ್ರೆ ಮಾತ್ರ ನಿಮ್ಮನ್ನ ಹಚ್ಚಿಕೊಳ್ಳುತ್ತೆ" ಅಂತ ಒಂದು ಮಂತ್ರ ಬೇರೆ. ಶುದ್ಧ ಸುಳ್ಳು. ಅಪ್ಪ ಅಮ್ಮನ ಹತ್ರಾನೇ ಬೆಳೆದ ಮರಿಯನ್ನ ಗೂಡಲ್ಲಿದ್ದಾಗಲೇ ದಿನಕ್ಕೆ ಸ್ವಲ್ಪ ಹೊತ್ತು ಕೈಲಿ ಹಿಡಿದು ಅಭ್ಯಾಸ ಮಾಡಿಸಿದ್ರೆ ಎಂಟು ವಾರಕ್ಕೆ ಸಲೀಸಾಗಿ ಬೆರಳ ಮೇಲೆ ಕೂರುತ್ತೆ. ಆ ಕೆಲಸ ಮಾಡಬೇಕಾದ್ದು ಮರಿ ಮಾಡಿಸೋನು. ಅವನಿಗೆ ಆ ತಾಪತ್ರಯ ಬೇಡ. ಮರಿ ಬೇಗ ಎತ್ತಿದ್ರೆ ತಾಯಿ ಬೇಗ ಮತ್ತೆ ಮೊಟ್ಟೆಗೆ ಕೂರುತ್ತೆ, ಐದಾರು ವಾರದ ಮೇವು ಉಳಿಯುತ್ತೆ, ಸತ್ತರೆ ಆ ಲೆಕ್ಕ ಕೊಂಡೋನ ಖಾತೆಗೆ.

ಗುಟುಕು ಕೊಡೋದು ಅಂದ್ರೆ ಮಗೂಗೆ ಸೆರೆಲಾಕ್ ತಿನ್ನಿಸಿದ ಹಾಗಲ್ಲ. ಬಿಸಿ ಹೆಚ್ಚಾದರೆ ಗಂಟಲ ಕೆಳಗಿನ ಆಹಾರದ ಚೀಲ ಸುಟ್ಟು ತೂತಾಗುತ್ತೆ. ಆರಿದ್ದು ಕೊಟ್ರೆ ಜೀರ್ಣ ಆಗದೆ ಅಲ್ಲೇ ಹುಳಿಯುತ್ತೆ. ಸಿರಿಂಜು ಸ್ವಲ್ಪ ಜೋರಾಗಿ ಒತ್ತಿದ್ರೆ ಶ್ವಾಸನಾಳಕ್ಕೆ ಹೋಗಿ ಅಲ್ಲೇ ಮುಗೀತು. ಎಳೆ ಮರಿಗೆ ಮೂರು ನಾಲ್ಕು ಗಂಟೆಗೊಮ್ಮೆ ಕೊಡಬೇಕು, ಮೈಗೆ ಸದಾ ಶಾಖ ಇರಬೇಕು. ಹಾಸನ ಸಮುದ್ರ ಮಟ್ಟದಿಂದ ಮೂರು ಸಾವಿರ ಅಡಿಗಿಂತ ಮೇಲಿದೆ. ಧನುರ್ಮಾಸದ ಬೆಳಗಿನ ಜಾವ ಅರಕಲಗೂಡಿನ ಕಡೆ ಮಂಜಿನಲ್ಲಿ ನಮಗೇ ಹಲ್ಲು ಕಟಕಟ ಅನ್ನುತ್ತೆ, ಇನ್ನು ಪುಕ್ಕ ಇಲ್ಲದ ಬೆರಳುದ್ದದ ಜೀವದ ಪಾಡೇನು? ಇದನ್ನ ಹತ್ತು ವರ್ಷದ ಹುಡುಗನ ಹುಟ್ಟುಹಬ್ಬಕ್ಕೆ ಗಿಫ್ಟ್ ಕೊಡ್ತಾರೆ! ನಾಲ್ಕನೇ ದಿನ ಹಿತ್ತಲಲ್ಲಿ ಗುಂಡಿ ತೋಡ್ತಾರೆ. ಐದನೇ ದಿನ ಹುಡುಗನ ಅಳು ನೋಡೋಕಾಗದೆ ಅದೇ ಮನುಷ್ಯನಿಗೆ ಫೋನ್ ಮಾಡ್ತಾರೆ, "ಅಣ್ಣಾ, ಇನ್ನೊಂದು ಇದೆಯಾ?"

ಆ ಫೋನು ಇದೆಯಲ್ಲ, ಅದರ ಮೇಲೇ ಈ ದಂಧೆ ನಿಂತಿರೋದು.

ಇದಕ್ಕೆ ಬರೋ ವಾದಗಳು ನನಗೆ ಗೊತ್ತು, ಒಂದೊಂದಾಗಿ ಉತ್ತರ ಕೊಡ್ತೀನಿ.

"ಪಾಪ, ಆ ಕೊಳಕು ಪಂಜರದಲ್ಲಿ ನರಳ್ತಿತ್ತು, ಬಿಡಿಸಿಕೊಂಡು ಬಂದೆ" ಅಂತಾರೆ ಕೆಲವರು. ನಿಮ್ಮ ಮನಸ್ಸು ದೊಡ್ಡದು, ಒಪ್ಪಿದೆ. ಆದ್ರೆ ಮಾರೋನ ಪುಸ್ತಕದಲ್ಲಿ ಕರುಣೆಗೆ ಬೇರೆ ಕಾಲಂ ಇಲ್ಲ. ಒಂದು ಹೋಯ್ತು, ದುಡ್ಡು ಬಂತು, ಅಷ್ಟೇ. ನೀವು ಬಿಡಿಸಿದ ಜಾಗಕ್ಕೆ ಮುಂದಿನ ವಾರ ಇನ್ನೊಂದು ಬಂದು ಕೂತಿರುತ್ತೆ. ಕಾಯಿಲೆ ಹಕ್ಕಿ, ಕೊಳಕು ಪಂಜರ ಕಂಡ್ರೆ ಪರ್ಸ್ ತೆಗೀಬೇಡಿ, ದೂರು ಕೊಡಿ. ೧೯೬೦ರ ಪ್ರಾಣಿ ಹಿಂಸೆ ತಡೆ ಕಾಯ್ದೆ ಪ್ರಕಾರ ಪ್ರಾಣಿ ಮೈ ಆಡಿಸೋಕೂ ಜಾಗ ಇಲ್ಲದ ಪಂಜರದಲ್ಲಿ ಇಡೋದೇ ಅಪರಾಧ. ೨೦೧೮ರ ಪೆಟ್ ಶಾಪ್ ನಿಯಮಗಳ ಪ್ರಕಾರ ರಾಜ್ಯದ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಣಿ ಇಲ್ಲದೆ ಅಂಗಡಿ ನಡೆಸೋ ಹಾಗಿಲ್ಲ. ನೋಂದಣಿ ಪತ್ರ ತೋರಿಸಿ ಅಂತ ಕೇಳೋಕೆ ಕಾಸು ಖರ್ಚಿಲ್ಲ.

"ಹಕ್ಕಿ ಹಾರಬೇಕು, ಪಂಜರವೇ ಪಾಪ, ಎಲ್ಲಾ ಬಿಟ್ಟುಬಿಡಿ" ಅನ್ನೋರು ಇನ್ನೊಂದು ಗುಂಪು. ೨೦೧೧ರಲ್ಲಿ ಗುಜರಾತ್ ಹೈಕೋರ್ಟು, ೨೦೧೫ರಲ್ಲಿ ದೆಹಲಿ ಹೈಕೋರ್ಟು ಹಕ್ಕಿಗಳಿಗೆ ಆಕಾಶದಲ್ಲಿ ಹಾರೋ ಹಕ್ಕಿದೆ ಅಂತ ಹೇಳಿದ್ದೂ ನಿಜ. ಅವರ ಮಾತಿಗೆ ನನಗೆ ಗೌರವ ಇದೆ. ನಮ್ಮ ಕಾಡಿನ ಗಿಣಿ ವಿಷಯದಲ್ಲಿ ನಾನೂ ಅವರ ಕಡೆಯೇ. ಜಾತ್ರೆಯಲ್ಲಿ ಗಿಣಿ ಶಾಸ್ತ್ರ ಹೇಳೋನ ಗಿಣಿ ಇರಲಿ, ಅಂಗಡಿ ಹಿಂಬದಿಯಲ್ಲಿ "ಗಿಣಿ ಮರಿಯೂ ಇದೆ ಸಾರ್" ಅಂತ ಪಿಸುಗುಡೋದಿರಲಿ, ೧೯೭೨ರ ವನ್ಯಜೀವಿ ಕಾಯ್ದೆ ಪ್ರಕಾರ ಎರಡೂ ಅಪರಾಧ. ಹಾಗೆ ಪಿಸುಗುಟ್ಟಿದೋನ ಹತ್ರ ಲವ್ ಬರ್ಡೂ ಕೊಳ್ಳಬೇಡಿ. ಆದ್ರೆ ಹತ್ತಾರು ತಲೆಮಾರು ಪಂಜರದಲ್ಲೇ ಹುಟ್ಟಿ ಬೆಳೆದ ಐವತ್ತು ಗ್ರಾಂ ತೂಕದ ಆಫ್ರಿಕಾ ಹಕ್ಕಿಯನ್ನ ಹೇಮಾವತಿ ದಂಡೆಯಲ್ಲಿ ಬಿಟ್ರೆ ಅದು ಸ್ವಾತಂತ್ರ್ಯ ಅಲ್ಲ. ಕಾಗೆ, ಬಿಜ್ಜು, ಬೆಕ್ಕಿಗೆ ಬಡಿಸಿದ ಊಟ. ಹಳದಿ ಬಣ್ಣದ ಹಕ್ಕಿ ಹಸಿರು ಮರದಲ್ಲಿ ಎಲ್ಲಿ ಬಚ್ಚಿಟ್ಟುಕೊಳ್ಳುತ್ತೆ ಹೇಳಿ?

"ಹಿಂಗೆಲ್ಲಾ ಕಟ್ಟುನಿಟ್ಟು ಮಾಡಿದ್ರೆ ಬಡ ಬ್ರೀಡರ್ ಬದುಕೋದು ಹೆಂಗೆ?" ಇದು ಮೂರನೇ ವಾದ. ಚನ್ನರಾಯಪಟ್ಟಣದಲ್ಲೋ ಹೊಳೆನರಸೀಪುರದಲ್ಲೋ ಮನೆ ಮೇಲೆ ಶೆಡ್ ಹಾಕಿ, ಸ್ವಂತ ಮಕ್ಕಳ ಹಾಗೆ ನೋಡಿಕೊಂಡು, ವರ್ಷಕ್ಕೆ ಎರಡು ಸಲ ಮಾತ್ರ ಮರಿ ಮಾಡಿಸಿ, ಎಂಟು ವಾರ ಮೇವು ಹಾಕಿ ಆಮೇಲೆ ಕೊಡೋರು ನಮ್ಮ ಜಿಲ್ಲೆಯಲ್ಲೂ ಇರ್ತಾರೆ. ಅವರ ಖರ್ಚು ಜಾಸ್ತಿ, ರೇಟೂ ಸ್ವಲ್ಪ ಜಾಸ್ತಿ. ಎರಡು ವಾರದ ಮರಿ ಅಗ್ಗಕ್ಕೆ ಮಾರೋನು ಅಂಥವರ ಹೊಟ್ಟೆ ಮೇಲೇ ಹೊಡೀತಿರೋದು. ನಾನು ವಾದ ಮಾಡ್ತಿರೋದು ಬ್ರೀಡರ್ ವಿರುದ್ಧ ಅಲ್ಲ ಕಣ್ರೀ, ಒಳ್ಳೆ ಬ್ರೀಡರ್ ಪರವಾಗಿ.

ಹಾಗಾದ್ರೆ ಒಳ್ಳೆಯವರನ್ನ ಗುರುತಿಸೋದು ಹೆಂಗೆ? ನಮ್ಮ ಈ ನಾಲ್ಕು ಊರಿಗೂ ಪರಸ್ಪರ ಒಂದೆರಡು ಗಂಟೆ ಬಸ್ಸು ಅಷ್ಟೇ. ಫೋಟೋ ನೋಡಿ ದುಡ್ಡು ಕಳಿಸಿ, ಹಕ್ಕೀನ ರಟ್ಟಿನ ಡಬ್ಬಿಯಲ್ಲಿ ಬಸ್ಸಿಗೆ ಹಾಕಿಸಿಕೊಳ್ಳೋ ಕರ್ಮ ನಮಗ್ಯಾಕೆ? ಖುದ್ದಾಗಿ ಹೋಗಿ. ಹೋಗಿ ಇಷ್ಟು ಮಾಡಿ:

೧. ಮರಿಯ ಅಪ್ಪ ಅಮ್ಮನ್ನ ತೋರಿಸಿ ಅನ್ನಿ. ಒಳಗೆ ಬಿಡಲ್ಲ ಅಂದ್ರೆ ದೂರದಿಂದಾದರೂ ತೋರಿಸಲಿ. ಹೊರಗಿನವರಿಂದ ಕಾಯಿಲೆ ಬರುತ್ತೆ ಅಂತ ಒಳಗೆ ಬಿಡದೆ ಇರೋದು ಜಾಗರೂಕತೆ. ಏನೂ ತೋರಿಸದೆ ಇರೋದು ಕಳ್ಳತನ.

೨. ಅರ್ಧ ಗಂಟೆ ಸುಮ್ಮನೆ ಕೂತು ನೋಡಿ. ಮರಿ ತಾನೇ ಕಾಳು ಒಡೆದು ತಿಂದು ನೀರು ಕುಡೀಬೇಕು. ಪೀಚ್ ಫೇಸ್ ಎಳೆ ಮರಿಗೆ ಕೊಕ್ಕಿನ ಬುಡದಲ್ಲಿ ಕಪ್ಪು ಇರುತ್ತೆ, ಮುಖದ ಬಣ್ಣ ಮಂಕಾಗಿರುತ್ತೆ. ಕಪ್ಪು ಇದ್ರೆ ಎಳೆಯದು ಅಂತ ಖುಷಿ ಪಡಿ, ಆದ್ರೆ ಕಾಳು ತಿನ್ನೋದು ಕಣ್ಣಾರೆ ಕಾಣೋತನಕ ಒಪ್ಪಬೇಡಿ.

೩. ಎದೆಮೂಳೆ ಚೂಪಾಗಿ ಕೈಗೆ ಸಿಕ್ಕಿದ್ರೆ ಬಡಕಲು. ಹಿಂಭಾಗದ ಪುಕ್ಕಕ್ಕೆ ಹಿಕ್ಕೆ ಮೆತ್ತಿದ್ರೆ ಹೊಟ್ಟೆ ಕೆಟ್ಟಿದೆ. ಹಗಲಲ್ಲೇ ಪುಕ್ಕ ಉಬ್ಬಿಸಿಕೊಂಡು ತೂಕಡಿಸೋದು, ಉಸಿರಿನ ಜೊತೆ ಬಾಲ ಮೇಲೆ ಕೆಳಗೆ ಆಡೋದು ಕಾಯಿಲೆ ಲಕ್ಷಣ. ಮೂಗು, ಕಣ್ಣು ಒಣಗಿ ಸ್ವಚ್ಛವಾಗಿರಬೇಕು.

೪. ಕಾಲಿಗೆ ಇಡಿಯಾದ ರಿಂಗ್ ಇದೆಯಾ ನೋಡಿ. ಅದನ್ನ ಹತ್ತು ಹನ್ನೆರಡು ದಿನದ ಮರಿ ಇದ್ದಾಗ ಮಾತ್ರ ಹಾಕೋಕಾಗೋದು. ಅಂದ್ರೆ ಪಂಜರದಲ್ಲೇ ಹುಟ್ಟಿದ್ದು ಅನ್ನೋದಕ್ಕೆ ಒಂದು ಗುರುತು. ಹುಟ್ಟಿದ ದಿನಾಂಕ ಬರೆದುಕೊಡಿ ಅಂತ ಕೇಳಿ.

೫. ಪೀಚ್ ಫೇಸ್‌ನ ಬಿಳಿ ಬಳೆ ಕಣ್ಣಿನವುಗಳ ಜೊತೆ ಒಂದೇ ಪಂಜರದಲ್ಲಿ ಕೂಡಿಸಿದಾನಾ ನೋಡಿ. ಹಾಗೆ ಬೆರೆತು ಹುಟ್ಟಿದ ಮರಿಗಳಿಗೆ ಸಾಮಾನ್ಯವಾಗಿ ಮುಂದೆ ಸಂತಾನ ಆಗಲ್ಲ, ಹೇಸರಗತ್ತೆ ಇದ್ದಂಗೆ. ಇಷ್ಟೂ ಗೊತ್ತಿಲ್ಲದೋನು ಬ್ರೀಡರ್ ಹೆಂಗಾದಾನು?

೬. ಕಾಗದ ಪತ್ರ. ಪೀಚ್ ಫೇಸ್ ಜಾತಿಯನ್ನ ೨೦೦೫ರಲ್ಲಿ ಸೈಟ್ಸ್ ಒಪ್ಪಂದದ ಪಟ್ಟಿಯಿಂದ ತೆಗೆದರು. ಫಿಶರ್, ಮಾಸ್ಕ್ಡ್ ಮುಂತಾದವು ಇನ್ನೂ ಅದರಲ್ಲಿವೆ. ವನ್ಯಜೀವಿ ಕಾಯ್ದೆಗೆ ೨೦೨೨ರಲ್ಲಿ ತಂದ ತಿದ್ದುಪಡಿ, ೨೦೨೪ರ ಫೆಬ್ರವರಿಯಲ್ಲಿ ಬಂದ ನಿಯಮಗಳ ಪ್ರಕಾರ ಅಂಥ ಹಕ್ಕಿ ಇಟ್ಟುಕೊಂಡೋರು ಪರಿವೇಶ್ ಜಾಲತಾಣದಲ್ಲಿ ನೋಂದಣಿ ಮಾಡಿಸಬೇಕು, ಮಾರಿದ್ದು, ಮರಿ ಆಗಿದ್ದು ತಿಳಿಸಬೇಕು. "ಅದೆಲ್ಲ ಯಾರು ಕೇಳ್ತಾರೆ ಬಿಡಿ ಅಣ್ಣಾ" ಅಂದ್ರೆ ಎದ್ದು ಬನ್ನಿ.

೭. ಕೊನೇದಾಗಿ, "ನಮಗೆ ಸಾಕೋಕೆ ಆಗದೆ ಹೋದ್ರೆ ವಾಪಸ್ ತಗೊಳ್ತೀರಾ?" ಅಂತ ಕೇಳಿ. ಒಳ್ಳೆಯವನು ಹೂಂ ಅಂತಾನೆ. ಇನ್ನೂ ಒಳ್ಳೆಯವನು ನಿಮಗೇ ತಿರುಗಿ ಹತ್ತು ಪ್ರಶ್ನೆ ಹಾಕ್ತಾನೆ. ಮನೇಲಿ ಬೆಕ್ಕಿದೆಯಾ, ಪಂಜರ ಎಷ್ಟು ಅಗಲ, ಊರಿಗೆ ಹೋದಾಗ ಯಾರು ನೋಡ್ಕೊಳ್ತಾರೆ ಅಂತ. ಹಂಗೆ ಕೇಳಿದ್ರೆ ಬೇಜಾರು ಮಾಡ್ಕೋಬೇಡಿ, ಅವನ ಹತ್ರಾನೇ ತಗೊಳ್ಳಿ.

ತಂದ ಮೇಲೆ ಏನು ಅನ್ನೋದಕ್ಕೆ ಬೇರೆಯೇ ಬರಹ ಬೇಕು. ನಮ್ಮ ಜಿಲ್ಲೆಗೆ ಅಂತಲೇ ಎರಡು ಮಾತು ಮಾತ್ರ ಹೇಳ್ತೀನಿ. ಕಾಫಿ ತೋಟದ ನೆಂಟರು ಚೀಲ ತುಂಬ ಬೆಣ್ಣೆಹಣ್ಣು ಕಳಿಸ್ತಾರಲ್ಲ, ಅದು ಹಕ್ಕಿಗೆ ವಿಷ. ಕಾಫಿ, ಚಾಕೊಲೇಟ್ ಕೂಡ. ಹಸಿರುಗಟ್ಟಿದ ಆಲೂಗಡ್ಡೆ, ಅದರ ಮೊಳಕೆ ಬೇಡವೇ ಬೇಡ. ನವಣೆ, ಬರಗು, ಸಜ್ಜೆ ಹಾಕಿ, ನುಗ್ಗೆಸೊಪ್ಪು ಕೊಡಿ, ಬರೀ ಸೂರ್ಯಕಾಂತಿ ಬೀಜ ಹಾಕಿ ಕೊಬ್ಬು ಬೆಳೆಸಬೇಡಿ. ನಾನ್‌ಸ್ಟಿಕ್ ತವಾ ಕಾದು ಹೊಗೆ ಎದ್ರೆ ಅಡುಗೆಮನೆ ಪಕ್ಕದ ಹಕ್ಕಿ ನಿಮಿಷಗಳಲ್ಲಿ ಸಾಯುತ್ತೆ. ಹಾಸನಾಂಬೆ ಬಾಗಿಲು ತೆಗೆಯೋ ಹೊತ್ತಿಗೆ ದೀಪಾವಳಿ ಪಟಾಕಿಯೂ ಇರುತ್ತೆ, ಪಂಜರ ಒಳಮನೆಗೆ ಸೇರಲಿ. ಹುಷಾರಿಲ್ಲ ಅಂದ್ರೆ ಮಾರಿದೋನ ಮನೆಮದ್ದು ನಂಬಬೇಡಿ, ಹಾಸನದಲ್ಲೇ ಪಶುವೈದ್ಯಕೀಯ ಕಾಲೇಜಿದೆ, ಅಲ್ಲಿ ವಿಚಾರಿಸಿ.

ಚೆನ್ನಾಗಿ ನೋಡಿಕೊಂಡ್ರೆ ಲವ್ ಬರ್ಡ್ ಹತ್ತರಿಂದ ಹದಿನೈದು ವರ್ಷ ಬದುಕುತ್ತೆ. ಇವತ್ತು ಐದನೇ ಕ್ಲಾಸಿನ ಹುಡುಗನಿಗೆ ಕೊಡಿಸಿದ ಹಕ್ಕಿ ಅವನು ಡಿಗ್ರಿ ಮುಗಿಸಿ ಬೆಂಗಳೂರಿಗೆ ಕೆಲಸಕ್ಕೆ ಹೋದ ಮೇಲೂ ನಿಮ್ಮ ಜಗಲಿಯಲ್ಲಿ ಕೂಗ್ತಾ ಇರುತ್ತೆ. ಅಷ್ಟು ವರ್ಷದ ಸಂಬಂಧಕ್ಕೆ ಒಂದು ಭಾನುವಾರ, ಒಂದು ಬಸ್ ಟಿಕೆಟ್ಟು, ಏಳು ಪ್ರಶ್ನೆ ದುಬಾರಿಯೇ?

ನನ್ನ ವಾದ ಇಷ್ಟೇ. ಕಾಳು ತಿನ್ನದ ಮರಿಯನ್ನ ಯಾರೂ ಕೊಳ್ಳದೇ ಹೋದ್ರೆ ಯಾರೂ ಮಾರಲ್ಲ. ಕಾನೂನು ಬರೋತನಕ, ಇನ್ಸ್‌ಪೆಕ್ಟರು ಬರೋತನಕ ಕಾಯೋದು ಬೇಕಿಲ್ಲ, ಇದು ಕೊಳ್ಳೋರ ಕೈಲೇ ಇರೋ ಕೆಲಸ. ಬರಿಗೈಲಿ ವಾಪಸ್ ಬರೋಕೆ ತಯಾರಿದ್ರೆ ಮಾತ್ರ ಹಕ್ಕಿ ಕೊಳ್ಳೋಕೆ ಹೊರಡಿ. ಮುಂದಿನ ಸಲ ಆ "ದತ್ತು" ಫೋಟೋ ಬಂದಾಗ ಹೃದಯ ಒತ್ತೋ ಬದಲು "ಎಷ್ಟು ವಾರದ ಮರಿ?" ಅಂತ ಎಲ್ಲರ ಎದುರಿಗೇ ಒಂದು ಸಾಲು ಬರೀರಿ. ಏನು ಉತ್ತರ ಬಂತು ಅಂತ ನನಗೂ ತಿಳಿಸಿ. ನನ್ನನ್ನ ಬಯ್ಯೋದಿದ್ರೂ ಧಾರಾಳವಾಗಿ ಬಯ್ಯಿರಿ, ಓದ್ತೀನಿ :-)